ರೈಸ್ ಮಿಲ್ಲಿನ ಗುಂಡಿಗಳನ್ನು ಮುಚ್ಚಿದ ಬೇಸಿಗೆ

ತೀರ್ಥಹಳ್ಳಿಯಿಂದ ಹೊಸನಗರದ ಕಡೆಗೆ ಹೋಗುವ ರಸ್ತೆಯಿಂದ ಒಂದು ಫರ್ಲಾಂಗು ಒಳಗೆ ನಮ್ಮ ದೊಡ್ಡಪ್ಪ ಕಟ್ಟಿಸಿದ ರೈಸ್ ಮಿಲ್ಲು ಇದೆ. ಕುಚ್ಚಲಕ್ಕಿಗಾಗಿ ಭತ್ತ ನೆನೆಹಾಕುವ ತೊಟ್ಟಿಗಳಿಂದ ಹಿಡಿದು ಬಾಯ್ಲರ್, ಒಣಗಿಸುವ ಕಣ, ಭತ್ತದ ಹೊಟ್ಟು ಸುಲಿಯುವ ಹಲ್ಲರ್‌ವರೆಗೆ ಎಲ್ಲವೂ ಅಲ್ಲಿತ್ತು. ದೊಡ್ಡಪ್ಪ ತೀರಿಕೊಂಡ ವರ್ಷ ನಿಂತ ಮಿಲ್ಲು ಮತ್ತೆ ತಿರುಗಲಿಲ್ಲ. ಆಸ್ತಿಯ ಪಾಲು ಇತ್ಯರ್ಥವಾಗದೆ ಮನೆಯ ಯಾರೂ ಅದರ ಹೊಣೆ ಹೊರಲಿಲ್ಲ, ನಾನೂ ಹೊರಲಿಲ್ಲ. ಕಳೆದ ಜನವರಿಯಲ್ಲಿ ಪಕ್ಕದ ಮನೆಯ ಕರು ಒಳಗೆ ನುಗ್ಗಿ, ಉಮಿಯ ಅಡಿಯಲ್ಲಿ ಹುದುಗಿದ್ದ ಲಡ್ಡು ಹಿಡಿದ ಹಲಗೆ ಮುರಿದು, ಒಂಬತ್ತು ಅಡಿ ಆಳದ ಎಲಿವೇಟರ್ ಗುಂಡಿಗೆ (ಭತ್ತವನ್ನು ಮೇಲೆತ್ತುವ ಯಂತ್ರದ ಬುಡ ಕೂರುವ ಗುಂಡಿ) ಬಿತ್ತು. ಅದನ್ನು ಎತ್ತಲು ಏಣಿಯಿಟ್ಟು ಇಳಿದ ಕೆಲಸದವರೊಬ್ಬರು ಆರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮಾತು ನಿಲ್ಲಿಸಿ, ಕೈಬಿಟ್ಟು ಕುಸಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರಿಂದ ಮೇಲಿದ್ದ ಮೂವರು ಅವರನ್ನು ಎಳೆದುಕೊಂಡರು, ಅವರು ಬದುಕಿದರು. ಅವರ ಹಿಂದೆಯೇ ಇಳಿಯಲು ಹೊರಟಿದ್ದ ಇನ್ನೊಬ್ಬರನ್ನು ಗದರಿ ನಿಲ್ಲಿಸಿದವರು ದೊಡ್ಡಮ್ಮ. ಕರು ಉಳಿಯಲಿಲ್ಲ.

ನಾನು ಶಿವಮೊಗ್ಗದಲ್ಲಿ ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಭದ್ರಾವತಿಯವರು. 1923ರಿಂದ ಕಬ್ಬಿಣದ ಕುಲುಮೆ ಉರಿದ ಊರಿನವರಾದ್ದರಿಂದ ಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂಬುದು ಅವರಿಗೆ ಮೈಗತವಾಗಿತ್ತು. ಮುಚ್ಚಿದ ಜಾಗಕ್ಕೆ ಮೂಗನ್ನು ನಂಬಿ ಇಳಿಯಬಾರದೆಂದು ಅವರು ನನಗೆ ಹೇಳಿದ್ದು ಎಷ್ಟೋ ಸಲ. ಅದನ್ನು ಕೇಳಿ ಬೆಳೆದವನ ಸ್ವಂತ ಮನೆಯ ಮಿಲ್ಲಿನಲ್ಲೇ ಹೀಗಾಯಿತೆಂಬುದು ನನ್ನನ್ನು ಬಹಳ ದಿನ ಕಾಡಿತು. ಫೆಬ್ರವರಿಯಿಂದ ಮೇ ಕೊನೆಯವರೆಗೆ, ಮೃಗಶಿರ ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂಬ ಲೆಕ್ಕದಲ್ಲಿ ನಾವು ಅಲ್ಲಿ ಮಾಡಿದ ಕೆಲಸವನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ: ಬೀಗ ಮತ್ತು ತಂತಿ

ಮೊದಲ ವಾರ ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಮುಂಬಾಗಿಲಿಗೆ ಹೊಸ ಬೀಗ, ಮುರಿದ ಕಾಂಪೌಂಡಿನ ಸಂದುಗಳಿಗೆ ಮುಳ್ಳುತಂತಿ, ‘ಪ್ರವೇಶ ನಿಷೇಧಿಸಿದೆ’ ಎಂಬ ತಗಡಿನ ಬೋರ್ಡು. ಜೊತೆಗೆ ಎಲಿವೇಟರ್ ಗುಂಡಿಯ ಮೇಲೆ ಐದು ಎಂ.ಎಂ. ದಪ್ಪದ ಕಬ್ಬಿಣದ ಪ್ಲೇಟು. ಹನ್ನೊಂದನೆಯ ದಿನ ಹೋಗಿ ನೋಡಿದಾಗ ಬೀಗ ಹಾಗೆಯೇ ಇತ್ತು, ಹಿಂದಿನ ಕಿಟಕಿಯ ಸರಳುಗಳೂ ಗುಂಡಿಯ ಮೇಲಿನ ಪ್ಲೇಟೂ ಇರಲಿಲ್ಲ. ಗುಜರಿಗೆ ಬೆಲೆ ಬರುವ ವಸ್ತುವನ್ನೇ ನಾನು ಗುಂಡಿಗೆ ಮುಚ್ಚಳ ಮಾಡಿದ್ದೆ. ಗುಂಡಿ ಈಗ ಕರು ಬಿದ್ದ ದಿನಕ್ಕಿಂತ ಹೆಚ್ಚು ಅಪಾಯಕಾರಿಯಾಗಿತ್ತು, ಏಕೆಂದರೆ ಅದು ಮುಚ್ಚಿದೆಯೆಂದು ಊರಿನವರೆಲ್ಲ ನಂಬಿದ್ದರು.

ಆ ದಿನ ಮಿಲ್ಲಿನ ಅಂಗಳದಲ್ಲಿ ಕುಳಿತು, ಒಳಗೆ ಬರುವವರು ಯಾರು, ಯಾತಕ್ಕೆ ಬರುತ್ತಾರೆ ಎಂದು ಪಟ್ಟಿ ಮಾಡಿದೆ. ಕಣದಲ್ಲಿ ಕ್ರಿಕೆಟ್ ಆಡುವ ಹುಡುಗರು ಚೆಂಡಿಗಾಗಿ ಮಾಡು ಹತ್ತುತ್ತಾರೆ. ದನ ಕಾಯುವವರು ಮಳೆ ಬಂದಾಗ ಒಳಗೆ ನಿಲ್ಲುತ್ತಾರೆ. ಗುಜರಿ ಆಯುವವರು ಬರುತ್ತಾರೆ, ಅವರಲ್ಲಿ ಮಕ್ಕಳೂ ಇರುತ್ತಾರೆ. ಕುಡಿಯಲು ಬರುವವರು ಕತ್ತಲಾದ ಮೇಲೆ ಬರುತ್ತಾರೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಪಕ್ಕದ ಅಡಿಕೆ ಬೆಳೆಗಾರರು ಮಿಲ್ಲಿನ ಸಂಪಿನಿಂದ ನೀರೆತ್ತುತ್ತಾರೆ; ಕೊಳೆರೋಗದ ಹೆದರಿಕೆಯಿರುವ ಯಾರಿಗೂ ಅದನ್ನು ಬೇಡವೆನ್ನಲು ಆಗುವುದಿಲ್ಲ. ಇವರಲ್ಲಿ ಒಬ್ಬರೂ ಬೀಗ ನೋಡಿ ಹಿಂದಿರುಗುವವರಲ್ಲ. ಆದ್ದರಿಂದ ಕಟ್ಟಡದೊಳಗೆ ಯಾರೂ ಬಾರದಂತೆ ಮಾಡುವುದಕ್ಕಿಂತ, ಬಂದವರು ಸಾಯದಂತೆ ಮಾಡುವುದು ಮೊದಲ ಕೆಲಸವೆಂದು ನಿರ್ಧರಿಸಿದೆ. ಕೊಲ್ಲುವ ಜಾಗಗಳನ್ನು ಎಣಿಸಿದರೆ ಅವು ಹೆಚ್ಚಿರಲಿಲ್ಲ: ಎಲಿವೇಟರ್ ಗುಂಡಿ, ನಾಲ್ಕು ನೆನೆಹಾಕುವ ತೊಟ್ಟಿಗಳು, ಸಂಪು, ಹಳೆಯ ಕೊಳವೆಬಾವಿ, ಬಾಯ್ಲರ್ ಮನೆಯ ಸಿಮೆಂಟ್ ಶೀಟಿನ ಮಾಡು, ಚಿಮಣಿ, ಪೂರ್ವ ದಿಕ್ಕಿನ ಬಿರುಕು ಬಿಟ್ಟ ಗೋಡೆ, ಮತ್ತು ಇನ್ನೂ ಜೀವವಿದ್ದ ವಿದ್ಯುತ್ ತಂತಿ.

ವಿದ್ಯುತ್ತಿನದು ಒಂದೇ ಅರ್ಜಿಯಲ್ಲಿ ಮುಗಿಯಿತು. ಒಳಗಿನ ಫ್ಯೂಸ್ ಕಿತ್ತಿದ್ದರೂ ಮೇನ್ ಸ್ವಿಚ್ಚಿನವರೆಗೆ ಕರೆಂಟ್ ಬರುತ್ತಿತ್ತು. ಮೆಸ್ಕಾಂನವರು ಕಂಬದಲ್ಲೇ ತಂತಿ ಕಳಚಿಕೊಟ್ಟರು. ಅದಾಗುವವರೆಗೆ ನಮ್ಮವರು ಯಾರೂ ಒಳಗಿನ ಕಬ್ಬಿಣಕ್ಕೆ ಕೈ ಹಚ್ಚಲಿಲ್ಲ.

ಬೋರ್ಡನ್ನೂ ಬದಲಿಸಿದೆ. ನಿಷೇಧ ಎಂಬ ಪದ ಕಾರಣವನ್ನು ಹೇಳುವುದಿಲ್ಲ. ಗೋಡೆಯ ಮೇಲೆ ಅರ್ಧ ಅಡಿ ಎತ್ತರದ ಅಕ್ಷರಗಳಲ್ಲಿ ಹೀಗೆ ಬರೆಸಿದೆ: ‘ಒಳಗೆ ಆಳದ ಗುಂಡಿಗಳಿವೆ. ಗುಂಡಿಯಲ್ಲಿ ವಿಷದ ಗಾಳಿ ಇದೆ. ಯಾರಾದರೂ ಬಿದ್ದರೆ ಎತ್ತಲು ಇಳಿಯಬೇಡಿ. 112ಕ್ಕೆ ಕರೆ ಮಾಡಿ.’ ಮೂರನೆಯ ವಾಕ್ಯಕ್ಕಾಗಿಯೇ ನಾನು ಆ ಗೋಡೆಯನ್ನು ಸುಣ್ಣ ಬಳಿಸಿದ್ದು.

ಗುಂಡಿಯ ಗಾಳಿ

ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡುವ ಪರಿಚಯದವರಿಂದ ನಾಲ್ಕು ಅನಿಲಗಳನ್ನು ಅಳೆಯುವ ಮೀಟರನ್ನು ಬಾಡಿಗೆಗೆ ತಂದು, ಅದನ್ನು ನೈಲಾನ್ ಹಗ್ಗಕ್ಕೆ ಕಟ್ಟಿ ಎಲಿವೇಟರ್ ಗುಂಡಿಗೆ ಇಳಿಬಿಟ್ಟೆವು. ಗುಂಡಿಯ ಬಾಯಲ್ಲಿ ಆಮ್ಲಜನಕ ಶೇಕಡಾ 20.9 ಎಂದು ತೋರಿಸಿತು. ಹೊರಗಿನ ಒಳ್ಳೆಯ ಗಾಳಿಯಲ್ಲಿ ಇರುವುದೂ ಅಷ್ಟೇ. ನಾಲ್ಕು ಅಡಿಯಲ್ಲಿ 18ಕ್ಕೆ ಇಳಿಯಿತು. ಏಳು ಅಡಿಯಲ್ಲಿ ನಿಲ್ಲಿಸಿ ಎರಡು ನಿಮಿಷ ಕಾದು ಮೇಲೆತ್ತುವಾಗ ಮೀಟರು ಕೂಗುತ್ತಲೇ ಬಂತು. ದಾಖಲಾದ ಅತಿ ಕಡಿಮೆ ಆಮ್ಲಜನಕ 13.6, ವಿಷಾನಿಲ ಹೈಡ್ರೋಜನ್ ಸಲ್ಫೈಡ್ 40 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 40 ಭಾಗಕ್ಕಿಂತ) ಮೇಲೆ. ಆಮ್ಲಜನಕ 19.5ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ಇಳಿಯಬಾರದೆಂಬುದು ಎಲ್ಲೆಡೆ ಪಾಲಿಸುವ ನಿಯಮ.

ಇದಕ್ಕೆ ಯಾವ ಗೂಢ ಕಾರಣವೂ ಇಲ್ಲ. ಗುಂಡಿಯ ತಳದಲ್ಲಿ ಉಮಿ, ತೌಡು, ಭತ್ತದ ಕಸ, ಮಳೆನೀರು ಎಲ್ಲ ಸೇರಿ ವರ್ಷಗಟ್ಟಲೆ ಕೊಳೆತಿವೆ. ಕೊಳೆಯುವ ಪದಾರ್ಥ ಗಾಳಿಯಲ್ಲಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಗಾಳಿಯಿಲ್ಲದ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಎರಡೂ ಗಾಳಿಗಿಂತ ಭಾರವಾದ್ದರಿಂದ ಬೀಸುಗಾಳಿ ತಲುಪದ ತಳದಲ್ಲೇ ನಿಲ್ಲುತ್ತವೆ. ಕೆಸರನ್ನು ಕಾಲಿನಿಂದ ಕಲಕಿದಾಗ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಲೇ ಮೇಲೇಳುತ್ತದೆ. ಬಿದ್ದ ಕರು ಮಾಡಿದ್ದೂ ಅದನ್ನೇ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆಯಿದೆ ಎಂಬುದು ನಿಜವಾದರೂ, 100 ಪಿಪಿಎಂ ಆಸುಪಾಸಿನಲ್ಲಿ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಆಗ ವಾಸನೆ ಹೋಯಿತೆಂದು ಸಮಾಧಾನಪಟ್ಟವನೇ ಹೆಚ್ಚು ಅಪಾಯದಲ್ಲಿರುತ್ತಾನೆ. ಬಾವಿಗೆ ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆಮ್ಲಜನಕ ಬಹಳ ಕಡಿಮೆಯಾದರೆ ದೀಪ ಆರುತ್ತದೆ, ಆದರೆ ಮನುಷ್ಯನನ್ನು ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ತಳದಲ್ಲಿ ಮೀಥೇನ್ ಇದ್ದರೆ ದೀಪವೇ ಬೆಂಕಿಗೆ ಕಾರಣವಾಗುತ್ತದೆ. ಆ ಪದ್ಧತಿಯನ್ನು ದಯವಿಟ್ಟು ಯಾರೂ ನಂಬಬೇಡಿ.

ಮಿಲ್ಲು ನಡೆಯುತ್ತಿದ್ದ ಕಾಲದ 1948ರ ಕಾರ್ಖಾನೆಗಳ ಕಾಯ್ದೆಯ 33ನೆಯ ಕಲಂ ಗುಂಡಿ, ಸಂಪು, ನೆಲದ ತೆರೆದ ಬಾಯಿಗಳನ್ನು ಭದ್ರವಾಗಿ ಮುಚ್ಚಬೇಕು ಇಲ್ಲವೇ ಬೇಲಿ ಹಾಕಬೇಕು ಎನ್ನುತ್ತಿತ್ತು, 36ನೆಯ ಕಲಂ ಅನಿಲವಿರುವ ತೊಟ್ಟಿಗಳಿಗೆ ಜನರನ್ನು ಇಳಿಸುವ ಮುನ್ನ ಏನೇನು ಮಾಡಬೇಕೆಂದು ಹೇಳುತ್ತಿತ್ತು. ಮಿಲ್ಲು ನಡೆಯುತ್ತಿದ್ದಾಗ ಆ ಎಲಿವೇಟರ್ ಗುಂಡಿಗೆ ಗಟ್ಟಿ ಮತ್ತಿಮರದ ಹಲಗೆಗಳಿದ್ದವು, ನೋಡಿಕೊಳ್ಳುವವರೂ ಇದ್ದರು. ಯಂತ್ರ ನಿಂತ ದಿನದಿಂದ ಕಾಯ್ದೆಯೂ ಅತ್ತ ತಿರುಗುವುದಿಲ್ಲ, ಹಲಗೆಯನ್ನು ಬದಲಿಸುವವರೂ ಇರುವುದಿಲ್ಲ. ಪಾಳು ಕಟ್ಟಡ ನಡೆಯುವ ಕಾರ್ಖಾನೆಗಿಂತ ಹೆಚ್ಚು ಅಪಾಯಕಾರಿಯಾಗುವುದು ಹೀಗೆ.

ನಾವು ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಬ್ಲೋವರ್ ತಂದು ಗಾಳಿ ಊದಿ, ಮತ್ತೆ ಅಳೆದು, ಒಬ್ಬರನ್ನು ಇಳಿಸಿ ಕೆಸರು ತೆಗೆಸುವ ಯೋಚನೆ ಮೊದಲು ಇತ್ತು. ತುಂಬಿಸಿ ಮುಚ್ಚುವ ಗುಂಡಿಯನ್ನು ಸ್ವಚ್ಛ ಮಾಡುವುದು ಯಾರಿಗಾಗಿ ಎಂದು ದೊಡ್ಡಮ್ಮ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮೇಲಿನಿಂದಲೇ ಮೋಟರಿನ ಪೈಪು ಬಿಟ್ಟು ನೀರು ಖಾಲಿ ಮಾಡಿದೆವು. ಡೀಸೆಲ್ ಪಂಪನ್ನು ಕಟ್ಟಡದಿಂದ ಹೊರಗೆ, ಗಾಳಿ ಒಳಮುಖವಾಗಿ ಬೀಸದ ಕಡೆ ಇಟ್ಟೆವು. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿದರೆ ಅದರ ಹೊಗೆಯೇ ಸಾಕು. ಆಮೇಲೆ ತಳಕ್ಕೆ ಎರಡು ಅಡಿ ಬೋಲ್ಡರ್ ಕಲ್ಲು, ಅದರ ಮೇಲೆ ಕೆಮ್ಮಣ್ಣು. ಗುಂಡಿ ತುಂಬಿದಂತೆ ಪಕ್ಕದ ಗೋಡೆಯ ತಳಪಾಯಕ್ಕೂ ಆಧಾರ ಸಿಕ್ಕಿತು.

ಮಾರ್ಚ್: ತೊಟ್ಟಿಗಳು, ಸಂಪು, ಕೊಳವೆಬಾವಿ

ನೆನೆಹಾಕುವ ತೊಟ್ಟಿಗಳು ಆರಡಿಗೆ ಆರಡಿ, ನೆಲದಿಂದ ಆರಡಿ ಕೆಳಗೆ, ಎರಡಡಿ ಮೇಲೆ. ಮೇಲಿನ ಕಟ್ಟೆಯನ್ನು ಒಡೆದು ಅದೇ ತೊಟ್ಟಿಗೆ ಹಾಕಿದೆವು. ನಾಲ್ಕಕ್ಕೂ ಸೇರಿ 864 ಘನ ಅಡಿಯ ಲೆಕ್ಕ. ಒಂದು ಟ್ರ್ಯಾಕ್ಟರ್ ಲೋಡಿಗೆ ಸುಮಾರು 100 ಘನ ಅಡಿಯಂತೆ ಒಂಬತ್ತು ಲೋಡು ಸಾಕೆಂದುಕೊಂಡಿದ್ದೆ, ಒಡೆದ ಕಟ್ಟೆಯ ಕಲ್ಲು ಸೇರಿದರೂ ದಮ್ಮಸ್ಸು ಹಾಕಿ ಮಣ್ಣನ್ನು ಬಡಿದು ಗಟ್ಟಿಮಾಡಿದಂತೆ ಅದು ಇಳಿದು ಹನ್ನೊಂದು ಬೇಕಾಯಿತು. ಕೊನೆಯ ಎರಡು ತೊಟ್ಟಿಗಳಿಗೆ ದಮ್ಮಸ್ಸು ಸರಿಯಾಗಿ ಹಾಕಿಸಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಸಂಪನ್ನು ತುಂಬಿಸುವಂತಿರಲಿಲ್ಲ, ತೋಟದವರಿಗೆ ಆ ನೀರು ಬೇಕು. ಅದು ಹತ್ತಡಿ ಉದ್ದ, ನಾಲ್ಕಡಿ ಅಗಲ. ಅದಕ್ಕೆ ಅಂಗಳದಲ್ಲೇ ಐದು ಕಾಂಕ್ರೀಟ್ ಚಪ್ಪಡಿಗಳನ್ನು ಎರಕ ಹಾಕಿದೆವು: ಐದಡಿ ಉದ್ದ, ಎರಡಡಿ ಅಗಲ, ಮೂರು ಇಂಚು ದಪ್ಪ, ಎರಡೂ ಕಡೆ ಅರ್ಧ ಅಡಿ ಗೋಡೆಯ ಮೇಲೆ ಕೂರುವಂತೆ. ಸಿಮೆಂಟು ಒಂದು, ಮರಳು ಒಂದೂವರೆ, ಜಲ್ಲಿ ಮೂರು. ಎಂಟು ಎಂ.ಎಂ. ಸರಳುಗಳನ್ನು ಐದು ಇಂಚಿಗೊಂದರಂತೆ ಕಟ್ಟಿ, ಮುಕ್ಕಾಲು ಇಂಚಿನ ಕಾಂಕ್ರೀಟ್ ತುಂಡುಗಳ ಮೇಲೆ ಕೂರಿಸಿದೆವು. ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದು ಕೆಳಗಡೆ ಹಿಗ್ಗಿ ಬಿರಿಯುವುದರಿಂದ ಸರಳು ಕೆಳಭಾಗದಲ್ಲಿ ಇರಬೇಕು. ಮಗುಚಿ ಕೂರಿಸಿದರೆ ಅದೇ ಚಪ್ಪಡಿ ಒಬ್ಬರ ತೂಕಕ್ಕೂ ಮುರಿಯಬಹುದು, ಅದೂ ಹೊರಗೆ ಏನೂ ಕಾಣದಂತೆ. ಆದ್ದರಿಂದ ಹಸಿ ಇರುವಾಗಲೇ ಪ್ರತಿಯೊಂದರ ಮೇಲೂ ಮೊಳೆಯಿಂದ ‘ಮೇಲೆ’ ಎಂದು ಕೆತ್ತಿದೆ. ಗೋಣಿತಾಟು ಹೊದಿಸಿ ಹದಿನಾಲ್ಕು ದಿನ ನೀರುಣಿಸಿದ್ದು ದೊಡ್ಡಮ್ಮ. ಒಂದೊಂದೂ 170 ಕಿಲೋ ದಾಟುತ್ತದೆ. ಆರು ಜನ ಬಿದಿರು ಕೊಟ್ಟು ಎತ್ತಬೇಕು, ಹುಡುಗರು ಅಲುಗಿಸಲಾರರು, ಗುಜರಿಯಲ್ಲಿ ಅದಕ್ಕೆ ಒಂದು ಪೈಸೆಯೂ ಹುಟ್ಟುವುದಿಲ್ಲ. ನೀರೆತ್ತುವ ಕಡೆ ಒಂದು ಚಪ್ಪಡಿಯಲ್ಲಿ ಬಾಯಿ ಬಿಟ್ಟು, ಅದರ ಸುತ್ತ ಹೆಚ್ಚಿಗೆ ಸರಳು ಕಟ್ಟಿ, ಬೀಗವಿರುವ ಮುಚ್ಚಳ ಇಟ್ಟಿದ್ದೇವೆ. ಮುಚ್ಚಳವನ್ನು ಯಾರಾದರೂ ತೆರೆದು ಮರೆತರೂ ಯಾರೂ ಬೀಳದಂತೆ ಅದರ ಒಂದಡಿ ಕೆಳಗೆ ಹನ್ನೆರಡು ಎಂ.ಎಂ. ಸರಳಿನ ಜಾಲರಿಯನ್ನು ಸಂಪಿನ ಗೋಡೆಗೆ ಹುಗಿದು ವೆಲ್ಡ್ ಮಾಡಿದ್ದೇನೆ. ಪೈಪಿಗೆ ಮಾತ್ರ ಸಂದು ಉಂಟು.

ಕೊಳವೆಬಾವಿಯ ವಿಷಯದಲ್ಲಿ ಯೋಚನೆಗೆ ಎಡೆಯೇ ಇರಲಿಲ್ಲ. ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನ ಸ್ಪಷ್ಟವಾಗಿದೆ: ಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು. ನಮ್ಮದರ ಬಾಯಿಗೆ ಯಾರೋ ಗೋಣಿಚೀಲ ತುರುಕಿದ್ದರು, ಅದರ ಮೇಲೆ ಹುಲ್ಲು ಬೆಳೆದಿತ್ತು. ಚೀಲವನ್ನು ಎಳೆದು ತೆಗೆದು, ನಡುವೆ ಸಿಕ್ಕಿಕೊಂಡು ಟೊಳ್ಳು ಉಳಿಯದಂತೆ ಸಣ್ಣ ಜಲ್ಲಿ ಮತ್ತು ಮರಳನ್ನು ಬುಟ್ಟಿ ಬುಟ್ಟಿಯಾಗಿ ಸುರಿದು ತುಂಬಿದೆವು.

ಏಪ್ರಿಲ್: ಎತ್ತರದ ಕೆಲಸ

ಬಾಯ್ಲರ್ ಮನೆಯ ಮಾಡು ಹಳೆಯ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟಿನದು. ಬಿಸಿಲು ಮಳೆಗೆ ಬಿದ್ದ ಆರು ಎಂ.ಎಂ. ಶೀಟು ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಹಪ್ಪಳ. ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನೂ ಆಗುವುದಿಲ್ಲವೆಂದು ನಮ್ಮ ಕಸುಬಿನವರೇ ಹೇಳುತ್ತಾರೆ. ಕೆಳಗೆ ಉಕ್ಕಿನ ಪಟ್ಟಿಯಿದ್ದರೂ ಪಾಚಿಯ ಮೇಲೆ ಪಾದ ಒಂದು ಗೇಣು ಜಾರಿದರೆ ಮುಗಿಯಿತು. ಅದನ್ನು ಒಡೆದು ತೆಗೆದರೆ ನಾರಿನ ಧೂಳು ಏಳುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ತರುತ್ತದೆ. ಶೀಟನ್ನು ಮುಟ್ಟದೆ ಹತ್ತುವ ದಾರಿಯನ್ನೇ ಇಲ್ಲವಾಗಿಸಿದೆವು: ಗೋಡೆಗೆ ಒರಗಿದ್ದ ಪೇರಲೆ ಕೊಂಬೆಯನ್ನು ಕಡಿದು, ಮೋರಿಪೈಪನ್ನು ಕಿತ್ತು, ಗಿಡ್ಡ ಗೋಡೆಯ ಪಕ್ಕ ಪೇರಿಸಿದ್ದ ಕಲ್ಲನ್ನು ಹರಡಿದೆವು. ಹುಡುಗರನ್ನು ಕರೆದು, ಬಿದ್ದಿದ್ದ ಒಂದು ಶೀಟಿನ ಚೂರನ್ನು ನೀರಿನಲ್ಲಿ ನೆನೆಸಿ, ಅವರ ಮುಂದೆಯೇ ಅದರ ಮೇಲೆ ಐದು ಕಿಲೋದ ಕಲ್ಲನ್ನು ಮೊಳಕಾಲೆತ್ತರದಿಂದ ಬಿಟ್ಟು ತೋರಿಸಿದೆ. ಚೂರು ಎರಡಾಯಿತು. ಅವರಲ್ಲಿ ಚಿಕ್ಕವನು ತಾನು ಅದರ ಮೇಲೆ ಓಡಿದ್ದೆನೆಂದು ಮೆಲ್ಲನೆ ಹೇಳಿದ.

ಚಿಮಣಿ ನಲವತ್ತು ಅಡಿಯ ತಗಡಿನ ಕೊಳವೆ, ಮೂರು ಎಳೆತಂತಿಗಳ ಮೇಲೆ ನಿಂತದ್ದು. ಬುಡದಲ್ಲಿ ಸುತ್ತಿಗೆಯಿಂದ ಮೃದುವಾಗಿ ತಟ್ಟಿದರೆ ತುಕ್ಕು ಪದರ ಪದರವಾಗಿ ಉದುರಿ, ಒಂದು ಕಡೆ ಬೆರಳು ಒಳಹೋಯಿತು. ಶಿವಮೊಗ್ಗದಿಂದ ಹೈಡ್ರಾ ಕ್ರೇನ್ ತರಿಸಿ, ಮೇಲಿನ ಮೂರನೆಯ ಒಂದು ಭಾಗದಲ್ಲಿ ಬೆಲ್ಟು ಹಾಕಿ ಭಾರವನ್ನು ಕ್ರೇನಿಗೆ ಕೊಟ್ಟ ಮೇಲೆಯೇ ತಂತಿ ಬಿಚ್ಚಿ, ಬುಡ ಕತ್ತರಿಸಿ ಮಲಗಿಸಿದೆವು.

ಕಟಿಂಗ್ ಕೆಲಸದ ಬಗ್ಗೆ ನನ್ನ ಕಸುಬಿನವರಿಗೆ ಒಂದು ಮಾತು ಹೇಳಲೇಬೇಕು. ಮಿಲ್ಲಿನಲ್ಲಿ ಖಾಲಿ ಡೀಸೆಲ್ ಟ್ಯಾಂಕೊಂದಿತ್ತು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು. ಗ್ಯಾಸ್ ಕಟರ್ ಹಚ್ಚಿದ ಡ್ರಮ್ಮು ಸಿಡಿದು ಸತ್ತ ವೆಲ್ಡರ್‌ಗಳು ಈ ಕಸುಬಿನಲ್ಲಿ ಬಹಳ. ಅದರ ಬೋಲ್ಟುಗಳನ್ನು ಕೈಯಿಂದ ಬಿಚ್ಚಿ, ಕುತ್ತಿಗೆವರೆಗೆ ನೀರು ತುಂಬಿಸಿ, ಆಮೇಲೆ ಮೇಲಿನ ಮುಚ್ಚಳ ಕೊಯ್ದೆ. ಪಕ್ಕದ ಬಿಸಿನೀರಿನ ಉಕ್ಕಿನ ಟ್ಯಾಂಕಿನಲ್ಲಿ ಎಣ್ಣೆಯೂ ಇರಲಿಲ್ಲ, ಕೊಳೆಯುವ ವಸ್ತುವೂ ಇರಲಿಲ್ಲ, ಆದರೂ ಅದರ ಬಾಯಿ ತೆರೆದು ಮೀಟರ್ ಇಳಿಸಿದಾಗ ಆಮ್ಲಜನಕ 17 ತೋರಿಸಿತು. ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಅದು ಒಳಗಿನ ಗಾಳಿಯಿಂದಲೇ ಬರುತ್ತದೆ. ಎರಡೂ ಟ್ಯಾಂಕುಗಳಿಗೆ ಎದುರುಬದುರು ದೊಡ್ಡ ತೂತು ಕೊಯ್ದು, ಯಾರೂ ಒಳಗೆ ಸಿಕ್ಕಿಬೀಳದಂತೆ ಮಾಡಿದೆ.

ಪೂರ್ವದ ಜಂಬಿಟ್ಟಿಗೆ ಗೋಡೆಗೆ ಕಿಟಕಿಯ ಮೂಲೆಯಿಂದ ಮಾಡಿನವರೆಗೆ ಬಿರುಕಿತ್ತು. ಮಾಡಿನ ತೊಲೆ, ಪಕಾಸಿಗಳು ಲಡ್ಡಾಗಿ ಬಿದ್ದ ಮೇಲೆ ಗೋಡೆಯ ತಲೆಯನ್ನು ಹಿಡಿದಿಡುವುದು ಏನೂ ಉಳಿದಿರಲಿಲ್ಲ. ಬಿರುಕಿನ ಮೇಲೆ ಫೆಬ್ರವರಿಯಲ್ಲೇ ಸಿಮೆಂಟಿನಿಂದ ಮೂರು ಗಾಜಿನ ಪಟ್ಟಿಗಳನ್ನು ಅಂಟಿಸಿ ತಾರೀಕು ಬರೆದಿದ್ದೆ. ಏಪ್ರಿಲ್ ಎರಡನೆಯ ವಾರ, ಒಂದು ಜೋರು ಅಡ್ಡಮಳೆಯ ಮರುದಿನ, ಮೇಲಿನ ಪಟ್ಟಿ ಸೀಳಿತ್ತು. ಗೋಡೆ ಇನ್ನೂ ಚಲಿಸುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಮಾಡಿನ ತ್ರಿಕೋನದ ಭಾಗದಿಂದ ಶುರುಮಾಡಿ, ಹೊರಗೆ ಕಟ್ಟಿದ ಸಾರುವೆಯ ಮೇಲೆ ನಿಂತು, ಒಂದೊಂದೇ ವರಸೆ ಕೈಯಿಂದ ಬಿಚ್ಚುತ್ತ ಕಿಟಕಿಯ ಕೆಳಮಟ್ಟಕ್ಕೆ ತಂದೆವು. ಬುಡಕ್ಕೆ ಹೊಡೆದು ಬೀಳಿಸೋಣ ಎಂದವರಿಗೆ ನಾನು ಒಪ್ಪಲಿಲ್ಲ. ಬೀಳುವ ದಿಕ್ಕನ್ನು ಗೋಡೆ ನಮ್ಮನ್ನು ಕೇಳಿ ನಿರ್ಧರಿಸುವುದಿಲ್ಲ. ಬಿರುಕಿನಲ್ಲಿ ಅರಳಿಯ ಗಿಡ ಬೇರೂರಿತ್ತು. “ಅದಕ್ಕೆ ಕತ್ತಿ ಹಾಕಬೇಡ ಮಾರಾಯ, ಬೇರು ಸಮೇತ ಬಿಡಿಸಿ ಹೊಳೆದಂಡೆಯಲ್ಲಿ ನೆಡು” ಎಂದರು ದೊಡ್ಡಮ್ಮ. ಕಲ್ಲು ಬಿಚ್ಚುತ್ತ ಬಂದಂತೆ ಅದು ತಾನೇ ಬಿಡಿಸಿಕೊಂಡು ಬಂತು.

ಮೇ: ಕೊನೆಗೆ ಬಾಗಿಲುಗಳು

ಒಳಗಿನ ಅಪಾಯಗಳೆಲ್ಲ ಮುಗಿದ ಮೇಲೆ ಬಾಗಿಲುಗಳಿಗೆ ಬಂದೆವು. ಬಿಚ್ಚಿದ ಗೋಡೆಯ ಜಂಬಿಟ್ಟಿಗೆಯಿಂದಲೇ ಹಿಂದಿನ ಬಾಗಿಲು ಮತ್ತು ಕೆಳಗಿನ ಕಿಟಕಿಗಳನ್ನು ಕಟ್ಟಿದೆವು. ಅಟ್ಟದಲ್ಲಿ ಬಾವಲಿಗಳಿವೆ. ನೆಲದಿಂದ ಒಂಬತ್ತು ಅಡಿ ಮೇಲಿರುವ ಎರಡು ಕಿಟಕಿಗಳಿಗೆ ಅಡ್ಡ ಸರಳುಗಳನ್ನು ಸುಮಾರು 15 ಸೆಂಟಿಮೀಟರ್ ಅಂತರದಲ್ಲಿ ಹಾಕಿ ಅವುಗಳ ದಾರಿಯನ್ನು ಉಳಿಸಿದೆ. ಆ ಸಂದಿನಿಂದ ಗಾಳಿಯೂ ಆಡುತ್ತದೆ. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಅಷ್ಟು ಅಗಲದ ಸಂದು ಇಡಬಾರದು. ಮಳೆಗೆ ನಿಲ್ಲುವ ದನಗಾಹಿಗಳಿಗಾಗಿ ಮುಂದಿನ ಜಗಲಿಯನ್ನು ತೆರೆದೇ ಬಿಟ್ಟು, ಅದರ ಹೆಂಚನ್ನು ಕೈಯಾಡಿಸಿದೆವು. ನಿಲ್ಲಲು ಜಾಗವಿದ್ದರೆ ಒಳಗೆ ನುಗ್ಗುವ ಅಗತ್ಯ ಅವರಿಗಿಲ್ಲ.

ಹೀಗೆಯೇ ಬಾಯ್ದೆರೆದ ಗುಂಡಿಯಿರುವ, ಮಾಲೀಕರು ಕೈಗೆ ಸಿಗದ ಕಟ್ಟಡ ನಿಮ್ಮ ಊರಿನ ದಾರಿಯ ಪಕ್ಕದಲ್ಲಿದ್ದರೆ ಉಪವಿಭಾಗಾಧಿಕಾರಿಗಳಿಗೆ ಲಿಖಿತ ಅರ್ಜಿ ಕೊಡಬಹುದು. ಬೀಳುವಂತಿರುವ ಕಟ್ಟಡವನ್ನು ತೆಗೆಯಲು ಇಲ್ಲವೇ ಭದ್ರಪಡಿಸಲು, ಸಾರ್ವಜನಿಕ ದಾರಿಯ ಪಕ್ಕದ ಹೊಂಡಕ್ಕೆ ಬೇಲಿ ಹಾಕಲು ಆದೇಶಿಸುವ ಅಧಿಕಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಂನಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ರಲ್ಲಿದೆ. ಫೋಟೊ ಮತ್ತು ಅಳತೆ ಸಮೇತ ಕೊಡಿ.

ಆರಿದ್ರಾ ಮಳೆಯ ಮೊದಲ ವಾರ ಹೋಗಿ ನೋಡಿದೆ. ದಮ್ಮಸ್ಸು ಸರಿಯಾಗಿ ಬೀಳದ ಎರಡು ತೊಟ್ಟಿಗಳ ಮಣ್ಣು ಒಂಬತ್ತು ಇಂಚು ಕುಸಿದು, ಆ ತಗ್ಗಿನ ತುಂಬ ನೀರು ನಿಂತಿತ್ತು. ಒಂದು ಎಳೆಯ ಮಗುವಿಗೆ ಅಷ್ಟು ನೀರೇ ಸಾಕು. ಅಂದೇ ಕಾಲುವೆ ಕೊಯ್ದು ನೀರು ಹರಿಸಿ, ಮರುದಿನ ಒಂದೂವರೆ ಲೋಡು ಜಲ್ಲಿಮಣ್ಣು ಹಾಕಿಸಿ, ನಡು ಎತ್ತರವಾಗಿ ನೀರು ಹೊರಕ್ಕೆ ಜಾರುವಂತೆ ಬೆನ್ನು ಕಟ್ಟಿಸಿದೆ. ಸಂಪಿನ ಚಪ್ಪಡಿಗಳು ಅಲುಗಿಲ್ಲ. ‘ಮೇಲೆ’ ಎಂಬ ಅಕ್ಷರಗಳಲ್ಲಿ ಮಳೆನೀರು ನಿಂತಿತ್ತು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿಬರುವ ಕೆಲಸವನ್ನು ಜನವರಿಯಲ್ಲಿ ಆ ಗುಂಡಿಗೆ ಇಳಿದಿದ್ದವರೇ ಒಪ್ಪಿಕೊಂಡಿದ್ದಾರೆ. ಸಂಪಿನ ಬೀಗದ ಒಂದು ಕೀಲಿ ಅವರ ಬಳಿ ಇದೆ, ಇನ್ನೊಂದು ದೊಡ್ಡಮ್ಮನ ಅಡುಗೆಮನೆಯ ಮೊಳೆಯಲ್ಲಿದೆ.